ಈಜು ಬಾರದ ನಾವು ಗೋಕರ್ಣದ ಬೀಚ್ ದಾರಿಯನ್ನು ಒಂದೇ ದಿನದಲ್ಲಿ ನಡೆಯಬಹುದಾ?

ಯಾದಗಿರಿಯಿಂದ ನಾಲ್ಕು ಜನ ಗೆಳೆಯರು ಹೊರಟಿದ್ದೇವೆ, ಯಾರೂ ಸಮುದ್ರ ನೋಡಿಲ್ಲ, ಬೀಚ್‌ನಿಂದ ಬೀಚ್‌ಗೆ ಗುಡ್ಡ ಹತ್ತಿಳಿದು ಹೋಗುವ ದಾರಿ ನಮ್ಮಿಂದ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಕಲಬುರಗಿಯವನು, ಗೆಳೆಯರ ಜೊತೆ ಆ ದಾರಿ ನಡೆದಿದ್ದೇನೆ. ಬಿಸಿಲಿಗೆ, ಏರಿಗೆ ನಮ್ಮ ಕಡೆಯವರು ಹೆದರಬೇಕಿಲ್ಲ. ಗಾಳಿಯ ತೇವ, ಕಲ್ಲಿನ ಮೇಲಿನ ಪಾಚಿ, ಕಡಲಿನ ಉಬ್ಬರ, ಇವುಗಳ ರೂಢಿ ನಮಗಿಲ್ಲ. ತಯಾರಿ ಬೇಕಾಗಿರುವುದು ಅದಕ್ಕೆ.

ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಮುಟ್ಟುತ್ತದೆ. ಆದರೆ ಗಾಳಿ ಒಣ, ಬೆವರು ಬೇಗ ಆರುತ್ತದೆ, ಮೈ ತಣ್ಣಗಾಗುತ್ತದೆ. ಕರಾವಳಿಯಲ್ಲಿ 32 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಮೈಯ ಕಾವು ಒಳಗೇ ಉಳಿಯುತ್ತದೆ. ನಮ್ಮ ಜೊತೆ ಶಹಾಬಾದಿನ ಗೆಳೆಯನೊಬ್ಬ ಇದ್ದ. ಫರ್ಸಿ ಕಲ್ಲಿನ ಗಣಿಯಲ್ಲಿ ಇಡೀ ದಿನ ಬಿಸಿಲಲ್ಲಿ ನಿಂತು ಕೆಲಸ ಮಾಡುವವನು. ಮೊದಲ ಗುಡ್ಡ ಹತ್ತುವಷ್ಟರಲ್ಲಿ ಅಂಗಿ ಬಿಚ್ಚಿ ಹಿಂಡಿದ. "ಇದೇನಪಾ, ಗಾಳಿನೇ ಹಸಿ ಅದ" ಅಂದ. ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ ಮಧ್ಯಾಹ್ನಕ್ಕೆ ಮೆತ್ತಗಾಗಿತ್ತು. ಶೇಂಗಾ ಹಿಂಡಿ ಜೊತೆ ಆಗಲೂ ರುಚಿಯಾಗಿಯೇ ಇತ್ತು, ನೀವೂ ಒಯ್ಯಿರಿ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಇರಲಿ, ಓಆರ್‌ಎಸ್ ಪ್ಯಾಕೆಟ್ ಇರಲಿ. ಬಾಯಾರಿಕೆ ಆಗುವ ತನಕ ಕಾಯಬೇಡಿ.

ಜಾಸ್ತಿ ಜನ ಗೋಕರ್ಣ ಊರಿನಿಂದ ಶುರು ಮಾಡಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ದಕ್ಷಿಣಕ್ಕೆ ಹೋಗುತ್ತಾರೆ. ನೀವು ಉಲ್ಟಾ ಬನ್ನಿ ಅಂತ ನನ್ನ ಸಲಹೆ. ಬೆಳಿಗ್ಗೆ ಬೇಗ ಆಟೋ ಮಾಡಿಕೊಂಡು ದಕ್ಷಿಣ ತುದಿಯ ಬೇಲೆಕಾನಕ್ಕೆ ಹೋಗಿ, ಅಲ್ಲಿಂದ ಪ್ಯಾರಡೈಸ್ ಬೀಚಿಗೆ ನಡೆಯಿರಿ. ಪ್ಯಾರಡೈಸ್‌ನಿಂದ ಓಂ ತನಕದ ದಾರಿಯೇ ಒರಟು. ಬೆಳಗಿನ ತಂಪಿನಲ್ಲಿ ಅದು ಮುಗಿದರೆ, ದಣಿವು ಬರುವ ಹೊತ್ತಿಗೆ ರಸ್ತೆ, ಹೋಟೆಲ್ ಇರುವ ಕಡೆ ಬಂದಿರುತ್ತೀರಿ. ಬೇಲೆಕಾನದ ಪಕ್ಕ ತದಡಿಯಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ನಮ್ಮ ಕೃಷ್ಣೆ, ಭೀಮೆಗೆ ಅಲ್ಲಲ್ಲಿ ಡ್ಯಾಮು, ಬ್ಯಾರೇಜು ನೋಡಿ ಬೆಳೆದವರು ನಾವು. ಆ ಹೊಳೆಗೆ ದೊಡ್ಡ ಅಣೆಕಟ್ಟೇ ಇಲ್ಲ. ಶಿರಸಿ ಕಡೆಯಿಂದ ಬಂದು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಹಾಗೇ ಹರಿದು ಬರುತ್ತದೆ. ಐದು ನಿಮಿಷ ನಿಂತು ನೋಡಿ.

ಗುಡ್ಡದ ಕಲ್ಲು ಜಂಬಿಟ್ಟಿಗೆ. ಬೀದರ್ ಕೋಟೆ ನೋಡಿದ್ದರೆ ಗುರುತು ಸಿಗುತ್ತದೆ, ಅದೇ ಕೆಂಪು, ಅದೇ ತೂತು ತೂತು. ಮೇಲೆ ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಕೆಳಗೆ ಅಲೆ ಬಡಿಯುವ ಕಡೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಕಾಲು ನಿಲ್ಲುವುದಿಲ್ಲ. ನಿಮ್ಮ ಯಾದಗಿರಿ ಕೋಟೆ ಗುಡ್ಡವನ್ನು ಚೀಲ ಹೊತ್ತು ಹತ್ತಿಳಿದರೆ ಕಾಲಿಗೆ ಒಳ್ಳೆ ಅಭ್ಯಾಸ ಆಗುತ್ತದೆ. ಆದರೆ ಒಣ ಬಂಡೆಯ ಮೇಲಿನ ಧೈರ್ಯವನ್ನು ಪಾಚಿ ಕಲ್ಲಿನ ಮೇಲೆ ತೋರಿಸಬೇಡಿ. ದಾರಿ ಕವಲೊಡೆದು ಒಂದು ನೀರಿನ ಅಂಚಿಗೆ, ಒಂದು ಮೇಲಕ್ಕೆ ಹೋದರೆ, ಮೇಲಿನದನ್ನೇ ಹಿಡಿಯಿರಿ. ಚಪ್ಪಲಿ ಬೇಡವೇ ಬೇಡ.

ಇನ್ನು ಕಡಲಿನ ನೀರು. ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಪ್ರತಿ ದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಏರಿಳಿತ ಜಾಸ್ತಿ. ಬೆಳಿಗ್ಗೆ ಮರಳು ಇದ್ದ ಜಾಗದಲ್ಲಿ ಮಧ್ಯಾಹ್ನ ನೀರಿರಬಹುದು. ಹಾಗಾಗಿ ಬೆಳಿಗ್ಗೆ ನೀರು ಇಳಿದಿರುವ ದಿನ ನೋಡಿಕೊಳ್ಳಿ.

ಈಜು ಬರಲ್ಲ ಅಂದಿದ್ದೀರಿ, ಇದನ್ನು ಮನಸ್ಸಿಟ್ಟು ಓದಿ. ಭೀಮಾ ಹೊಳೆ ಒಂದೇ ಕಡೆ ಹರಿಯುತ್ತದೆ, ಸೆಳೆತ ಎತ್ತ ಅಂತ ಗೊತ್ತಾಗುತ್ತದೆ. ಕಡಲಲ್ಲಿ ದಡಕ್ಕೆ ಬಂದ ನೀರು ಒಂದೊಂದು ಜಾಗ ಹಿಡಿದು ವಾಪಸ್ ಒಳಗೆ ಓಡುತ್ತದೆ. ಎರಡೂ ಪಕ್ಕ ಅಲೆ ಒಡೆಯುತ್ತಾ ನಡುವೆ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಆ ಸೆಳೆತದ ಜಾಗ. ಹೊಸಬರು ಸುಮ್ನೆ ಅಲ್ಲೇ ಇಳಿಯುತ್ತಾರೆ. ಮೊಣಕಾಲಿಗಿಂತ ಮೇಲೆ ನೀರು ಬರುವ ಕಡೆ ಹೋಗಬೇಡಿ, ಬಂಡೆ ತುದಿಯಲ್ಲಿ ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ. ನಾಲ್ಕೂ ಜನ ಹೊರಡುವ ಮೊದಲೇ ಇದನ್ನು ಮಾತಾಡಿಕೊಳ್ಳಿ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ಮಳೆಗಾಲ ಬೇಡ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹೋಗಿ. ರಾತ್ರಿಯಿಡೀ ಬಸ್ಸಲ್ಲಿ ಕೂತು ಅದೇ ಬೆಳಿಗ್ಗೆ ನಡೆಯಲು ಹೊರಡಬೇಡಿ, ಒಂದು ರಾತ್ರಿ ಗೋಕರ್ಣದಲ್ಲಿ ಮಲಗಿ. ನಡುವೆ ಯಾರಿಗಾದರೂ ಸುಸ್ತಾದರೆ ಪ್ಯಾರಡೈಸ್, ಹಾಫ್ ಮೂನ್‌ನಿಂದ ಓಂಗೆ ದೋಣಿ ಸಿಗುತ್ತವೆ, ಓಂನಿಂದ ಆಟೋ. ತಾರೀಖು ಗೊತ್ತಾದರೆ ಇಲ್ಲೇ ಬರೆಯಿರಿ, ಆ ದಿನದ ಇಳಿತದ ಹೊತ್ತು ನೋಡಿ ಎಷ್ಟಕ್ಕೆ ಹೊರಡಬೇಕು ಅಂತ ಹೇಳುತ್ತೇನೆ.