ಶನಿವಾರ ಮರ ಮೊದಲು, ಭಾನುವಾರ ಗುಜರಿ ಮೊದಲು

ಪ್ರಶ್ನೆ: ನಮ್ಮ ಯಜಮಾನರಿಗೆ ಹಳೇ ಸಾಮಾನಿನ ಹುಚ್ಚು. ರೇಡಿಯೋ, ಕ್ಯಾಮೆರಾ, ಗಡಿಯಾರ, ಏನು ಕಂಡರೂ ಬೇಕು. ಮಗಳು ಒಂಬತ್ತನೇ ಕ್ಲಾಸು, ಸದಾ ಪುಸ್ತಕ. ಮಗನಿಗೆ ಎಂಟು ವರ್ಷ, ಒಂದು ಕಡೆ ಕೂರಲ್ಲ. ಅತ್ತೆಗೆ ಮಂಡಿ ನೋವು, ಆದರೂ ಬಿಟ್ಟು ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಒಂದಿಷ್ಟು ಹಸಿರು, ಒಂದಿಷ್ಟು ನಡಿಗೆ ಇದ್ದರೆ ಸಾಕು, ಮಾಲ್ ಮಾತ್ರ ಬೇಡ. ಎರಡು ದಿನಕ್ಕೆ ಬೆಂಗಳೂರಿಗೆ ಬಂದರೆ ಇಷ್ಟೂ ಆಗುತ್ತಾ?
— ಗೃಹಿಣಿ, ದಾವಣಗೆರೆ

ಉತ್ತರ: ಆಗುತ್ತದೆ, ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನು ತಪ್ಪಬಾರದು. ಪುಸ್ತಕದ ಅಂಗಡಿ ತೆರೆಯೋದು ತಡ, ಗುಜರಿ ಬಜಾರು ಶುರುವಾಗೋದು ಬೇಗ. ಅದಕ್ಕೇ ಶನಿವಾರ ಮೊದಲು ನಡೆದು ಆಮೇಲೆ ಕೊಳ್ಳಿ, ಭಾನುವಾರ ಮೊದಲು ಕೊಂಡು ಆಮೇಲೆ ನಡೆಯಿರಿ.

ಶುಕ್ರವಾರ ರಾತ್ರಿ ರೈಲು ಹತ್ತಿ, ಮೆಜೆಸ್ಟಿಕ್ ಹತ್ತಿರವೇ ಎಲ್ಲಾದರೂ ರೂಮು ಮಾಡಿ, ಯಾಕೆಂದರೆ ಮೆಟ್ರೋದ ಎರಡೂ ಹಳೇ ಲೈನು ಅಲ್ಲೇ ಸೇರುತ್ತವೆ, ಕೊಂಡಿದ್ದನ್ನು ಇಟ್ಟು ಬರೋದಕ್ಕೂ ಹತ್ತಿರ. ಶನಿವಾರ ಬೆಳಿಗ್ಗೆ ನೇರಳೆ ಲೈನಿನಲ್ಲಿ ವಿಧಾನಸೌಧ ಸ್ಟೇಷನ್ನಿಗೆ ಹೋಗಿ ಇಳಿದು, ಹೈಕೋರ್ಟಿನ ಕೆಂಪು ಕಟ್ಟಡದ ಹಿಂದಿನಿಂದ ಕಬ್ಬನ್ ಪಾರ್ಕ್ ಹೊಕ್ಕರೆ ಮರದ ನೆರಳಲ್ಲೇ ಕಸ್ತೂರಬಾ ರಸ್ತೆವರೆಗೆ ನಡೆಯಬಹುದು. ನಡುವೆ ಬಿದಿರು ಮೆಳೆ ಇದೆ, ಬ್ಯಾಂಡ್ ಸ್ಟ್ಯಾಂಡ್ ಇದೆ, ಅತ್ತೆಯವರಿಗೆ ಹೆಜ್ಜೆ ಹೆಜ್ಜೆಗೂ ಕಲ್ಲು ಬೆಂಚು. 1870ರ ಪಾರ್ಕು, ಮರಗಳೂ ಹಾಗೇ ದೊಡ್ಡವು. ವಾಹನ ಓಡಾಡೋ ರಸ್ತೆ ಬಿಟ್ಟು ಒಳಗೆ ನಿಮ್ಮ ಮಗ ಎಷ್ಟು ಬೇಕಾದರೂ ಓಡಲಿ.

ಅಂಗಡಿ ತೆರೆಯೋ ಹೊತ್ತಿಗೆ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಒಂದು ಸ್ಟೇಷನ್ ಮುಂದೆ ಎಂ.ಜಿ. ರೋಡಿನಲ್ಲಿ ಇಳಿದು ಚರ್ಚ್ ಸ್ಟ್ರೀಟಿಗೆ ಹೋಗಿ. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹೊಸ ಪುಸ್ತಕದ ಜೊತೆ ಹಳೇ ಪುಸ್ತಕದ ರಾಶಿ ಇರುತ್ತದೆ. ಮಗಳನ್ನು ಅಲ್ಲಿ ಬಿಟ್ಟರೆ ಎರಡು ಗಂಟೆ ಸದ್ದಿಲ್ಲ. ಅವಳಿಗೆ ಒಂದು ಕೆಲಸ ಕೊಡಿ: ಹಕ್ಕಿ ಅಥವಾ ಮರಗಳ ಬಗ್ಗೆ ಒಂದು ಹಳೇ ಪುಸ್ತಕ ಹುಡುಕಬೇಕು, ಮಾರನೇ ದಿನ ಅದು ಬೇಕಾಗುತ್ತದೆ. ಕನ್ನಡ ಪುಸ್ತಕ, ಶಾಲೆ ಕಾಲೇಜಿನ ಪುಸ್ತಕ ಅಗ್ಗಕ್ಕೆ ಬೇಕಿದ್ದರೆ ಮಧ್ಯಾಹ್ನ ಅವೆನ್ಯೂ ರಸ್ತೆ ಇದೆ. ಪಠ್ಯಪುಸ್ತಕ ಕೊಳ್ಳೋ ಮುಂಚೆ ಅಚ್ಚಾದ ವರ್ಷ ನೋಡಿ, ಸಿಲೆಬಸ್ ಬದಲಾಗಿದ್ದರೆ ಅದು ರದ್ದಿ ಅಷ್ಟೇ. ಅತ್ತೆಯವರನ್ನು ಆ ಗಲಾಟೆಗೆ ಕರೆದೊಯ್ಯಬೇಡಿ, ರೂಮಿನಲ್ಲಿ ಮಲಗಲಿ.

ಭಾನುವಾರದ ಬೆಳಿಗ್ಗೆ ನಿಮ್ಮ ಯಜಮಾನರದ್ದು. ಚಿಕ್ಕಪೇಟೆ ಪಕ್ಕದ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಮುತ್ತ ಭಾನುವಾರ ಸಂಡೇ ಬಜಾರ್ ಸೇರುತ್ತದೆ. ರಸ್ತೆ ಮೇಲೇ ಗೋಣಿ ಹಾಸಿ ಸ್ಪ್ಯಾನರು, ಗಡಿಯಾರ, ಹಿತ್ತಾಳೆ ಪಾತ್ರೆ, ಕ್ಯಾಸೆಟ್, ಒಂಟಿ ಶೂ, ಎಲ್ಲಾ ಹರಡಿರುತ್ತಾರೆ. ಬೆಳಕು ಹರಿಯುತ್ತಲೇ ಹೋದರೆ ಒಳ್ಳೇ ಮಾಲು, ಹತ್ತು ಗಂಟೆಗೆ ಹೋದರೆ ಬರೀ ಜನ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಹಾಗಾಗಿ ಆಟೋ ಹಿಡಿಯಿರಿ. ಅತ್ತೆ, ನೀವು, ಮಕ್ಕಳು ನಿಧಾನವಾಗಿ ಎದ್ದು ಆಮೇಲೆ ಬಂದರೂ ನಡೆಯುತ್ತದೆ.

ಯಜಮಾನರ ಜೇಬಿನಲ್ಲಿ ಎರಡು ಪೆನ್ಸಿಲ್ ಸೆಲ್ಲು, ಒಂದು ಚಿಕ್ಕ ಅಯಸ್ಕಾಂತ ಇರಲಿ. ಸೆಲ್ಲು ಹಾಕಿ ಅಲ್ಲೇ ನಡೆಸಿ ನೋಡಬೇಕು, ಅಯಸ್ಕಾಂತ ಅಂಟಿತು ಅಂದರೆ ಅದು ಹಿತ್ತಾಳೆಯಲ್ಲ, ಮೇಲೆ ಬಣ್ಣ ಬಳಿದ ಕಬ್ಬಿಣ. ಫಳಫಳ ಕಹಳೆಯ ಗ್ರಾಮೋಫೋನ್ ಕಂಡರೆ ಕೈ ಮುಗಿದು ಮುಂದೆ ಹೋಗಲಿ, ಅವುಗಳಲ್ಲಿ ಬಹಳಷ್ಟು ಈಚೆಗೆ ಅದೂ ಇದೂ ಜೋಡಿಸಿ ಮಾಡಿದವು. ಹಳೇ ಮೊಬೈಲ್ ಬಿಲ್ಲಿಲ್ಲದೆ ಬೇಡವೇ ಬೇಡ. ಆಸೆ ತಡೆಯದಿದ್ದರೆ ಫೋನಿನ 15 ಅಂಕಿಯ ಐಎಂಇಐ ನಂಬರನ್ನು ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ಹಾಕಿ ನೋಡಿ, ಕದ್ದ ಮಾಲೆಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ನಾನೊಮ್ಮೆ ಇಂಥದ್ದೇ ಒಂದು ಸಂತೆಯಲ್ಲಿ ಲೋಲಕದ ಗಡಿಯಾರ ತಂದೆ. ಅಂಗಡಿಯವನು ಕೀ ಕೊಟ್ಟ, ಟಿಕ್ ಟಿಕ್ ಅಂತು, ನಾನು ಖುಷಿಯಲ್ಲಿ ದುಡ್ಡು ಎಣಿಸಿದೆ. ಮನೆಯಲ್ಲಿ ಹನ್ನೊಂದು ನಿಮಿಷ ನಡೆಯಿತು. ಈಗಲೂ ಗೋಡೆ ಮೇಲಿದೆ, ಬಂದವರೆಲ್ಲ ಚೆನ್ನಾಗಿದೆ ಅಂತಾರೆ. ಟೈಮು ಮಾತ್ರ ಯಾರೂ ಕೇಳಬಾರದು.

ಒಂಬತ್ತರೊಳಗೆ ಬಜಾರು ಮುಗಿಸಿ. ಚಿಕ್ಕಪೇಟೆ ಸ್ಟೇಷನ್ನಿನಿಂದ ಹಸಿರು ಲೈನಿನಲ್ಲಿ ಮಾರ್ಕೆಟ್, ನ್ಯಾಷನಲ್ ಕಾಲೇಜು, ಅದಾದ ಮೇಲೆ ಲಾಲ್‌ಬಾಗ್. ಕೊಂಡವರೇ ಹೊರಬೇಕು ಅಂತ ಮೊದಲೇ ಹೇಳಿಬಿಡಿ, ಆಗ ಹೊಲಿಗೆ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡಿನ ಮೇಲಿನ ಆಸೆ ತಾನಾಗೇ ಇಳಿಯುತ್ತದೆ. ಒಳಗೆ ಬ್ಯಾಟರಿ ಗಾಡಿ ಸಿಗುತ್ತದೆ, ಅತ್ತೆಯವರನ್ನು ಅದರಲ್ಲಿ ಕೂರಿಸಿ, ಉಳಿದವರು ಕೆರೆ ದಂಡೆಯಲ್ಲಿ ನಡೆಯಿರಿ. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳೋದನ್ನು ನೋಡೋದೇ ಒಂದು ಮಜಾ. ನಿನ್ನೆ ಕೊಂಡ ಪುಸ್ತಕ ಈಗ ತೆಗೆಯಲಿ ಮಗಳು, ಎಷ್ಟೋ ಮರಗಳ ಮೇಲೆ ಹೆಸರಿನ ಫಲಕವೂ ಇದೆ, ಅಕ್ಕ ಓದಲಿ, ತಮ್ಮ ಓಡಿ ಹೋಗಿ ಹುಡುಕಲಿ. ಕೊನೆಗೆ ಕೆಂಪೇಗೌಡರ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು. ಯಜಮಾನರಿಗೆ ತೋರಿಸಿ, ಇದಕ್ಕಿಂತ ಹಳೇ ಮಾಲು ಬೆಳಿಗ್ಗೆ ಸಿಕ್ಕಿತ್ತಾ ಅಂತ ಕೇಳಿ.

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ಮಾತ್ರ ಬರಬೇಡಿ, ಫಲಪುಷ್ಪ ಪ್ರದರ್ಶನಕ್ಕೆ ಊರೇ ಸೇರಿರುತ್ತದೆ. ಜೋರು ಮಳೆ ಇದ್ದರೆ ರಸ್ತೆ ಬಜಾರೂ ಕಳೆಗಟ್ಟಲ್ಲ.

ಪ್ರಶ್ನೆ: ಮಕ್ಕಳಿಗೆ ಬೇರೆಯವರು ಹಾಕಿದ ಬಟ್ಟೆ ತಂದರೆ ಒಳ್ಳೆಯದಲ್ಲ ಅಂತಾರೆ ನಮ್ಮಮ್ಮ. ನಿಜವಾ?
— ಓದುಗಿ, ಗದಗ

ಉತ್ತರ: ಅಕ್ಕನ ಲಂಗ ತಂಗಿಗೆ, ಅಣ್ಣನ ಚಡ್ಡಿ ತಮ್ಮನಿಗೆ ಹಾಕಿ ಬೆಳೆಸಿದವರೇ ಅಲ್ವಾ ಅವರು? ಹೊರಗಿನವರದ್ದು ಅಂದಾಗ ಹೆದರಬೇಕಾದ್ದು ಕೊಳೆಗೆ, ಕಜ್ಜಿಗೆ. ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಹಾಕಿದರೆ ಮುಗೀತು. ಒಳಉಡುಪು ಬೇಡ. ಹಾಸಿಗೆ, ದಿಂಬು, ಕುಷನ್ ಇರೋ ಕುರ್ಚಿ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ, ತಿಗಣೆ ಒಮ್ಮೆ ಮನೆ ಹೊಕ್ಕರೆ ಓಡಿಸೋದರೊಳಗೆ ಸಾಕಾಗುತ್ತದೆ. ಹೆಲ್ಮೆಟ್ಟೂ ಅಷ್ಟೇ, ಒಳಗೆ ಏಟು ತಿಂದಿರೋದು ಹೊರಗೆ ಕಾಣಲ್ಲ. ಅಮ್ಮನ ಮಾತು ಅಲ್ಲಿಗೆ ಸರಿ.

ಪ್ರಶ್ನೆ: ಗುಜರಿ ಅಂಗಡಿಯಲ್ಲಿ ಬೀಡಿನ ಹಂಚು ಸಿಕ್ಕಿದೆ, ಪೂರ್ತಿ ತುಕ್ಕು. ದೋಸೆಗೆ ಬರುತ್ತಾ?
— ಓದುಗ, ಹುಬ್ಬಳ್ಳಿ

ಉತ್ತರ: ದಾರ ಕಟ್ಟಿ ತೂಗಿಸಿ, ಚಮಚದಿಂದ ಬಡಿಯಿರಿ. ಗಂಟೆಯ ಹಾಗೆ ಸದ್ದು ಬಂದರೆ ಸರಿ, ದಪ್ ಅಂದರೆ ಎಲ್ಲೋ ಸೀಳಿದೆ. ಸರಿ ಇದ್ದರೆ ಉಕ್ಕಿನ ನಾರಿನಿಂದ ತುಕ್ಕು ಉಜ್ಜಿ, ಒಂದು ರಾತ್ರಿ ಅಕ್ಕಿ ಗಂಜಿ ತುಂಬಿಡಿ, ತೊಳೆದು ಒಲೆ ಮೇಲೇ ಒಣಗಿಸಿ, ಎಣ್ಣೆ ಸವರಿ ಹೊಗೆಯಾಡೋವರೆಗೆ ಕಾಯಿಸಿ. ಮೂರು ನಾಲ್ಕು ದಿನ ಹೀಗೇ ಮಾಡಿ, ಆಮೇಲೆ ಅರ್ಧ ಈರುಳ್ಳಿಯಿಂದ ಎಣ್ಣೆ ತಿಕ್ಕಿ ಹಿಟ್ಟು ಹೊಯ್ಯಿರಿ. ಮೊದಲ ಎರಡು ದೋಸೆ ಹರಿಯುತ್ತವೆ, ಅವನ್ನು ನೀವೇ ತಿನ್ನಿ.