ಓದುಗರ ಪ್ರಶ್ನೆ: ಸರೋವರ ಸಿಕ್ಕಿದರೆ ಅರ್ಧ ದಾರಿ ಮುಗಿದ ಹಾಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಒಂದೇ ವಿಷಯದವು. ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ ಬರುವ ಚಾರಣ, ಅದೂ ಜನ ಇಲ್ಲದ ಬೆಟ್ಟದ ಸರೋವರಕ್ಕೆ. ಹಾಗಾಗಿ ಇವತ್ತು ಅದೇ.

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಒಂದು ಸರೋವರಕ್ಕೆ ಹೊರಟಿದ್ದೇವೆ. ಹೋಗಿ ಬರುವುದು ಸೇರಿ 15 ಕಿ.ಮೀ., ಏರು ಸುಮಾರು 600 ಮೀಟರ್. ದಿನಾ ವಾಕಿಂಗ್ ಮಾಡುವವರೇ, ಗಂಟೆಗೆ 5 ಕಿ.ಮೀ. ಆರಾಮಾಗಿ ನಡೆಯುತ್ತೇವೆ. ಬೆಳಿಗ್ಗೆ 10ಕ್ಕೆ ಹೊರಟರೆ ಸಾಕಲ್ವಾ?

ಉತ್ತರ: ಸಾಲದು. 15 ಕಿ.ಮೀ.ಗೆ ಮೂರು ಗಂಟೆ ಅನ್ನುವುದು ರಸ್ತೆಯ ಲೆಕ್ಕ. ಬೆಟ್ಟಕ್ಕೆ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಲೆಕ್ಕ ಕೊಟ್ಟರು, ಈಗಲೂ ಅದನ್ನೇ ಬಳಸುತ್ತಾರೆ. ಸುಮಾರು 5 ಕಿ.ಮೀ. ದೂರಕ್ಕೆ ಒಂದು ಗಂಟೆ, ಅದರ ಮೇಲೆ ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿ ಒಂದು ಕಡೆಗೆ 7.5 ಕಿ.ಮೀ., ಅಂದರೆ ಹತ್ತುವುದಕ್ಕೇ ಎರಡೂವರೆ ಗಂಟೆ. ಅದೂ ನಿಲ್ಲದೆ, ಕೂರದೆ, ಒಂದು ಫೋಟೋನೂ ತೆಗೆಯದೆ ನಡೆದರೆ! ನಾಲ್ಕು ಜನ ಅಂದಮೇಲೆ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಇಳಿಯುವುದು ಬೇಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಸಡಿಲ ಕಲ್ಲಿನ ಇಳಿಜಾರಲ್ಲಿ ಮೊಣಕಾಲು ಬೇರೆಯೇ ಮಾತು ಹೇಳುತ್ತದೆ. ಅದಕ್ಕೆ ಮೂರು ಗಂಟೆ. ದಡದಲ್ಲಿ ಒಂದು ಗಂಟೆ. 10ಕ್ಕೆ ಹೊರಟವರು ಎಲ್ಲ ಸರಿಯಾಗಿ ನಡೆದರೆ ಸಂಜೆ ಐದೂವರೆಗೆ ಕೆಳಗಿರುತ್ತೀರಿ. ಒಬ್ಬರ ಕಾಲು ಉಳುಕಿದರೆ?

ಇನ್ನೊಂದು ಕಾರಣ ಗುಡುಗು. ಬೇಸಿಗೆಯಲ್ಲಿ ಎಷ್ಟೋ ಬೆಟ್ಟಸಾಲುಗಳಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿರುತ್ತದೆ. ನೆಲ ಕಾದು ಗಾಳಿ ಮೇಲೇರಿದ ಹಾಗೆ ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ. 10ಕ್ಕೆ ಹೊರಟರೆ ಆ ಹೊತ್ತಿಗೆ ಸರಿಯಾಗಿ ನೀವು ಮರವಿಲ್ಲದ ಬಯಲು ದಡದಲ್ಲಿರುತ್ತೀರಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿ.ಮೀ. ಒಳಗೇ ಇದೆ ಅಂತ ಅರ್ಥ. ನೀರಿನ ಹತ್ತಿರ, ದಿಬ್ಬದ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಬಯಲಿಗೆ ಬರಬೇಡಿ.

ಆದ್ದರಿಂದ 6ಕ್ಕೆ ಹೊರಡಿ. ಮನೆಯಲ್ಲೇ ಕೂತು ವಾಪಸ್ ತಿರುಗುವ ಹೊತ್ತು ಗೊತ್ತು ಮಾಡಿ, ಹನ್ನೊಂದೂವರೆ ಅಂದುಕೊಳ್ಳಿ. ಸರೋವರ ಸಿಗಲಿ ಬಿಡಲಿ, ಹನ್ನೊಂದೂವರೆಗೆ ತಿರುಗಲೇಬೇಕು. ಇದನ್ನು ಮೇಲೆ ಹೋಗಿ ತೀರ್ಮಾನಿಸುತ್ತೇನೆ ಅಂದರೆ ಆಗುವುದಿಲ್ಲ. ನಾನು ಒಮ್ಮೆ ಹಾಗೆ ಅಂದುಕೊಂಡು ಸಂಜೆ ನಾಲ್ಕರ ತನಕ ದಡದಲ್ಲಿ ಕೂತೆ. ಎದುರಿನ ಬಂಡೆಗೋಡೆ ನೀರಲ್ಲಿ ತಲೆಕೆಳಗಾಗಿ ನಿಂತಿತ್ತು, ಒಂದು ಸಣ್ಣ ಹುಳ ನೀರಿಗೆ ತಾಗಿದರೂ ಇಡೀ ಬೆಟ್ಟ ಅಲುಗುತ್ತಿತ್ತು, ಇನ್ನು ಐದೇ ನಿಮಿಷ ಅಂತ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕ ಇಲ್ಲ. ಕೊನೆಯ ಎರಡು ಕಿ.ಮೀ. ಮೊಬೈಲ್ ಟಾರ್ಚಿನಲ್ಲಿ ಇಳಿದೆ. ಆ ಬೆಳಕಲ್ಲಿ ಕಲ್ಲಿನ ಅಂಚು ಕಾಣುತ್ತದೆ, ಅದರಾಚೆ ಒಂದು ಗೇಣು ಆಳವೋ ಒಂದು ಆಳುದ್ದವೋ ಕಾಣುವುದಿಲ್ಲ. ಕೈಯಲ್ಲಿ ಫೋನ್ ಇದ್ದರೆ ಹಿಡಿದುಕೊಳ್ಳಲು ಕೈಯೂ ಇರುವುದಿಲ್ಲ. ಈಗ ಮಧ್ಯಾಹ್ನವೇ ವಾಪಸ್ ಬರುವ ಚಾರಣಕ್ಕೂ ತಲೆಗೆ ಕಟ್ಟುವ ಟಾರ್ಚ್ ಒಯ್ಯುತ್ತೇನೆ.

ಪ್ರಶ್ನೆ: ಈ ಚಾರಣಕ್ಕಾಗಿಯೇ ಹೊಸ ಶೂ ತಗೊಂಡಿದ್ದೇನೆ. ಅವತ್ತೇ ಮೊದಲ ಸಲ ಹಾಕಬಹುದಾ?

ಉತ್ತರ: ಬೇಡ. ಎರಡು ವಾರ ಮನೆ ಸುತ್ತಮುತ್ತ ಹಾಕಿ ಓಡಾಡಿ. ಹಿಮ್ಮಡಿ ಬಿಸಿಯಾಗಿ ಉರಿಯಲು ಶುರುವಾದ ಕೂಡಲೇ ನಿಂತು ಟೇಪ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿದರೆ ತಡವಾಯಿತು.

ಪ್ರಶ್ನೆ: ಸರೋವರದ ನೀರು ಗಾಜಿನಷ್ಟು ತಿಳಿಯಾಗಿರುತ್ತದಂತೆ. ಹಾಗೇ ಕುಡಿಯಬಹುದಲ್ವಾ? ಸುಮ್ನೆ ಮೂರು ಲೀಟರ್ ಹೊರುವುದು ಯಾಕೆ?

ಉತ್ತರ: ತಿಳಿ ನೀರು ಅಂದರೆ ಒಳ್ಳೆಯ ನೀರು ಅಂತಲ್ಲ. ಪ್ರಾಣಿಗಳ ಮಲದಿಂದ ಜಿಯಾರ್ಡಿಯಾ ಎಂಬ ಪರಾವಲಂಬಿ ನೀರಿಗೆ ಸೇರಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಕುಡಿದ ದಿನ ಏನೂ ಆಗುವುದಿಲ್ಲ. ಒಂದೆರಡು ವಾರ ಬಿಟ್ಟು ಹೊಟ್ಟೆ ಕೆಡುತ್ತದೆ, ಆಗ ಸರೋವರ ನೆನಪಿಗೂ ಬರುವುದಿಲ್ಲ. ಕುದಿಸುವುದೇ ಸುಲಭದ ದಾರಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್‌ಗಿಂತ ಮೇಲಿದ್ದರೆ ಮೂರು ನಿಮಿಷ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. 3000 ಮೀಟರ್‌ನಲ್ಲಿ ಸುಮಾರು 90 ಡಿಗ್ರಿಗೇ ಕುದಿ ಬರುತ್ತದೆ. ಫಿಲ್ಟರ್ ಕೊಳ್ಳುವುದಾದರೆ ರಂಧ್ರ ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಿರಲಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಂಡರೆ ಕುದಿಸಿಯೂ ಕುಡಿಯಬೇಡಿ. ಕೆಲವು ಪಾಚಿಯ ವಿಷ ಕುದಿಸಿದರೂ ಹೋಗುವುದಿಲ್ಲ. ಒಂದು ದಿನದ ಮಾತು ತಾನೇ, ನಾನಾದರೆ ನೀರು ಹೊತ್ತುಕೊಂಡೇ ಹೋಗುತ್ತೇನೆ. ದಾರಿಯುದ್ದಕ್ಕೂ ಕುಡಿಯುತ್ತಾ ಹೋದರೆ ಹೊರೆ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಹತ್ತಿ ಹತ್ತಿ ಬೆವರಿ, ದಡ ಕಂಡ ಕೂಡಲೇ ನೀರಿಗೆ ಹಾರುವ ಆಸೆ. ತಪ್ಪಾ?

ಉತ್ತರ: ಆಸೆ ತಪ್ಪಲ್ಲ, ಹಾರುವುದು ತಪ್ಪು. ಹಿಮ ಕರಗಿ ತುಂಬಿದ ನೀರು ನಡುಬೇಸಿಗೆಯಲ್ಲೂ ಕೊರೆಯುತ್ತದೆ. ಮೈ ಪೂರ್ತಿ ಒಮ್ಮೆಲೇ ಮುಳುಗಿದರೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ತಡೆಯಲು ಆಗುವುದಿಲ್ಲ. ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಒಳ್ಳೆಯ ಈಜುಗಾರರೂ ಮುಳುಗುತ್ತಾರೆ, ದಡಕ್ಕೆ ನಾಲ್ಕೇ ಮಾರು ದೂರದಲ್ಲಿ. ಮೊಣಕಾಲ ತನಕ ಇಳಿದು, ಮುಖ ಕುತ್ತಿಗೆ ಒದ್ದೆ ಮಾಡಿಕೊಂಡು, ಉಸಿರು ಹತೋಟಿಗೆ ಬಂದ ಮೇಲೆ ಮುಂದಿನ ಯೋಚನೆ. ಬೆವರಿದ ಅಂಗಿಯಲ್ಲೂ ಸುಮ್ನೆ ಕೂರಬೇಡಿ. ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಉಷ್ಣತೆ ಇಳಿಯುತ್ತದೆ, ಗಾಳಿ ಬೇರೆ. ಒಣ ಅಂಗಿಯೊಂದು ಚೀಲದಲ್ಲಿರಲಿ.

ಪ್ರಶ್ನೆ: ಸಣ್ಣ ಸ್ಪೀಕರ್ ಒಯ್ದರೆ ಯಾರಿಗೂ ತೊಂದರೆ ಇಲ್ಲ ತಾನೇ? ಅಲ್ಲಿ ಹೇಗೂ ಯಾರೂ ಇರುವುದಿಲ್ಲ.

ಉತ್ತರ: ಯಾರೂ ಇಲ್ಲ ಅಂತ ನಿಮಗೆ ಅನ್ನಿಸುತ್ತದೆ. ನೀರಿನ ಮೇಲಿನ ತಣ್ಣನೆ ಗಾಳಿ ಸದ್ದನ್ನು ಮೇಲೆ ಹೋಗಲು ಬಿಡದೆ ಕೆಳಕ್ಕೆ ಬಾಗಿಸುತ್ತದೆ, ಆಚೆ ದಡದಲ್ಲಿ ಪಿಸುಗುಟ್ಟಿದ್ದೂ ಕೆಲವು ಸಲ ಈಚೆಗೆ ಕೇಳುತ್ತದೆ. ಮನೆಯಲ್ಲೇ ಬಿಟ್ಟು ಹೋಗಿ. ಹೇಳಲು ಸಂಕೋಚಪಡುವ ಇನ್ನೊಂದು ವಿಷಯ: ಬಯಲಿಗೆ ಹೋಗಬೇಕಾದರೆ ನೀರಿನಿಂದ 60 ಮೀಟರ್ ಆಚೆ, ಸುಮಾರು 70 ದೊಡ್ಡ ಹೆಜ್ಜೆ. 15ರಿಂದ 20 ಸೆಂ.ಮೀ. ಗುಂಡಿ ತೋಡಿ ಮುಚ್ಚಿ. ಒರೆಸಿದ ಕಾಗದವನ್ನು ಕವರಿಗೆ ಹಾಕಿ ವಾಪಸ್ ತನ್ನಿ.

ಪ್ರಶ್ನೆ: ಒಬ್ಬನೇ ಹೋಗಬೇಕೆಂದಿದ್ದೇನೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಏನಾದರೂ ಆದರೆ?

ಉತ್ತರ: ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ನೀವೆಲ್ಲಿದ್ದೀರಿ ಅಂತ ತೋರಿಸುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಒಳಜೇಬಿನಲ್ಲಿರಲಿ. ಒಂದು ಸೀಟಿ ಕೊರಳಲ್ಲಿರಲಿ. ಕಷ್ಟದಲ್ಲಿದ್ದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಪರ್ವತಗಳಲ್ಲಿ ಬಹಳ ಹಿಂದಿನಿಂದ ಇರುವ ಸಂಕೇತ ಇದು. ನಿಮಿಷಕ್ಕೆ ಮೂರು ಸಲ ಸದ್ದು ವಾಪಸ್ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ.

ಇವೆಲ್ಲಕ್ಕಿಂತ ಮುಖ್ಯ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಹೊತ್ತಾದರೂ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಒಬ್ಬರಿಗೆ ಬರೆದುಕೊಟ್ಟು ಹೋಗಿ. ಕೆಳಗೆ ಇಳಿದ ಕೂಡಲೇ ಅವರಿಗೆ ಫೋನ್ ಮಾಡಿ. ನಾನು ಒಮ್ಮೆ ಮರೆತು, ಸ್ನಾನ ಮಾಡಿ ಮಲಗಿಬಿಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಅಣ್ಣ ಬಂದು ಬಾಗಿಲು ಬಡಿದ, ಕೈಯಲ್ಲಿ ಟಾರ್ಚು, ಭುಜಕ್ಕೆ ಹಗ್ಗ.