ಕರಡಿ ಅನ್ನಿಸ್ಕೊಂಡ ಹುಡುಗನ ಕೇಸು

ಹೆಸರು, ಊರು, ಕೆಲಸ ಎಲ್ಲಾ ಬದಲಾಯಿಸಿದೀನಿ. ಬರೀರಿ ಮೇಡಂ ಅಂತ ಅವನೇ ಒಪ್ಪಿದಾನೆ, ಹಾಕೋಕೆ ಮುಂಚೆ ಓದಿಯೂ ಇದಾನೆ. ಇಲ್ಲಿ ಶಶಿ ಅಂತ ಕರೀತೀನಿ, ವಯಸ್ಸು 28, ಬೆಂಗಳೂರಲ್ಲಿ ಡಿಸೈನ್ ಕೆಲಸ.

ಸ್ಕಿನ್ ಡಾಕ್ಟ್ರು ಥೆರಪಿಗೆ ಅಂತ ನನ್ನ ಹತ್ರ ಕಳಿಸಿದ ಕೇಸು ಇದು. ಎದೆ, ಹೊಟ್ಟೆ, ಭುಜ ಎಲ್ಲಾ ಕಡೆ ಕೂದ್ಲ ಬುಡದಲ್ಲಿ ಕೀವು ಗುಳ್ಳೆ, ಎರಡು ಸಲ ಆಂಟಿಬಯಾಟಿಕ್ ಆಗಿದೆ, ವಾಸಿಯಾದ ಮಾರನೇ ದಿನಾನೇ ಹುಡುಗ ಮತ್ತೆ ರೇಜರ್ ಹಿಡೀತಾನೆ, ಯಾಕಪ್ಪಾ ಹೀಗೆ ಮಾಡ್ಕೋತೀಯ ಅಂತ ಡಾಕ್ಟ್ರು ಕೇಳಿದ್ರೆ ಅಲ್ಲೇ ಅತ್ತುಬಿಟ್ಟನಂತೆ.

ನನ್ನ ಹತ್ರ ಬಂದವನು ಹತ್ತು ನಿಮಿಷದಲ್ಲೇ ನಾನು ಗೇ ಅಂತ ಹೇಳಿ ನನ್ನ ಮುಖ ನೋಡ್ದ. ಆ ವಿಷಯದಲ್ಲಿ ನನಗೇನೂ ಕೆಲಸ ಇರ್ಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನ ಕಾಯಿಲೆ ಪಟ್ಟಿಯಿಂದ ತೆಗೆದಿದೆ, 2018ರಲ್ಲಿ ಸುಪ್ರೀಂ ಕೋರ್ಟೂ ಅಪರಾಧ ಅಲ್ಲ ಅಂದಿದೆ, ಅವನಿಗೂ ಅಲ್ಲಿ ಗೊಂದಲ ಇರ್ಲಿಲ್ಲ. ಗೊಂದಲ ಇದ್ದಿದ್ದೆಲ್ಲಾ ಕೂದ್ಲದ್ದೇ.

ಪಿಯುಸಿ ಹಾಸ್ಟೆಲ್‌ನಲ್ಲಿ ಅವನಿಗೆ ಕರಡಿ ಅಂತ ಹೆಸರಿಟ್ಟಿದ್ರು. ಊರಿಗೆ ಹೋದ್ರೆ ಅಜ್ಜಿ ಮಾತ್ರ, ಎದೇಲಿ ಕೂದ್ಲಿಲ್ಲದವನನ್ನ ನಂಬಬಾರದು ಕಣೋ, ನೀನು ಗಂಡಸು ಅಂತ ಬೆನ್ನು ತಟ್ಟೋರು. ಆಮೇಲೆ ಬೆಂಗಳೂರಿಗೆ ಬಂದು ಡೇಟಿಂಗ್ ಆ್ಯಪ್ ಹಾಕ್ಕೊಂಡ್ರೆ ಅಲ್ಲಿ 'ಸ್ಮೂತ್ ಓನ್ಲಿ', ಅಂದ್ರೆ ಕೂದ್ಲಿಲ್ಲದ ನುಣುಪು ಮೈಯೋರು ಮಾತ್ರ, ಅಂತ ಪ್ರೊಫೈಲಲ್ಲೇ ಬರ್ದಿರ್ತಾರೆ, ಫೋಟೋ ಕಳಿಸಿದ್ರೆ ಬ್ಲಾಕ್. ಅದೇ ಕೂದ್ಲು, ಒಂದ್ಕಡೆ ಗಂಡಸ್ತನ, ಇನ್ನೊಂದ್ಕಡೆ ಪ್ರಾಣಿ, ಮತ್ತೊಂದ್ಕಡೆ ಕೊಳೆ. ದಿನಕ್ಕೆ ಒಂದೂವರೆ ಗಂಟೆ ಕನ್ನಡಿ ಮುಂದೆ ಕಳೀತಿದ್ದ, ಈಜೋಕೆ ಹೋಗೋದು ಬಿಟ್ಟಿದ್ದ.

ರಾತ್ರಿ ಹೊತ್ತು ಚಿತ್ರ ಬರೀತಿದ್ದ. ಎರಡನೇ ಸೆಷನ್ನಿಗೆ ಟ್ಯಾಬ್ ತಂದು ತೋರಿಸ್ದ, ಟೆರೇಸ್ ಮೇಲೆ ಇಬ್ರು ಹುಡುಗ್ರು, ಬಸ್ ಸ್ಟ್ಯಾಂಡಲ್ಲಿ ಇಬ್ರು, ನಿಜವಾಗ್ಲೂ ಚೆನ್ನಾಗಿ ಬರೀತಾನೆ, ಆದ್ರೆ ಒಬ್ಬನ ಮೈಮೇಲೂ ಒಂದೆಳೆ ಕೂದ್ಲಿಲ್ಲ. ಕಂಕುಳಲ್ಲೂ ಇಲ್ಲ! ಕೇಳಿದ್ರೆ, 'ಗಂಡಸರ ಮೈ ಹೀಗಿದ್ರೇನೇ ಅಲ್ವಾ ಮೇಡಂ ಚಂದ' ಅಂದ, ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅನ್ನೋ ಥರ.

ಈ ಚಂದ ಎಲ್ಲಿಂದ ಬಂತು ನೋಡೋಣ ಅಂತ ಇಬ್ರೂ ಕೂತ್ವಿ. ನಾನು ಕಲೆ ಓದಿದೋಳಲ್ಲ, ಈ ಕೇಸಿಗೋಸ್ಕರ ಓದ್ಕೊಂಡಿದ್ದು. ಲಾಸ್ ಏಂಜಲೀಸ್‌ನಲ್ಲಿ ಬಾಬ್ ಮೈಜರ್ ಅನ್ನೋನು 1951ರಲ್ಲಿ ಫಿಸಿಕ್ ಪಿಕ್ಟೋರಿಯಲ್ ಅಂತ ಪತ್ರಿಕೆ ಶುರು ಮಾಡ್ದ. ಹೆಸರಿಗೆ ಬಾಡಿಬಿಲ್ಡಿಂಗು, ಕೊಳ್ಳೋರಲ್ಲಿ ಬಹಳ ಜನ ಗೇ ಗಂಡಸ್ರು. ಅಶ್ಲೀಲ ಅಂತ ಅಂಚೆ ಇಲಾಖೆಯೋರು ಹಿಡಿಯೋ ಕಾಲ ಅದು, ಹಂಗಾಗಿ ಗ್ರೀಕ್ ಶಿಲ್ಪದ ಥರ ಭಂಗಿ, ಎಣ್ಣೆ ಹಚ್ಚಿದ ನುಣುಪು ಮೈ, ಚಿಕ್ಕ ಲಂಗೋಟಿ, ಕೇಳಿದ್ರೆ 'ಇದು ಕಲೆ ಸ್ವಾಮಿ' ಅನ್ನಬಹುದು. ಅಮೃತಶಿಲೆ ಎದೆ ಮೇಲೆ ಕೂದ್ಲೆಲ್ಲಿ ಬೆಳೆಯುತ್ತೆ? ಇಂಥ ಪತ್ರಿಕೆ ಅಶ್ಲೀಲ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1962ರಲ್ಲಿ. ಅದೇ ಪತ್ರಿಕೇಲಿ 1957ರಲ್ಲಿ ಫಿನ್ಲೆಂಡಿನ ಟೌಕೊ ಲಾಕ್ಸೊನೆನ್ ಬರೆದ ಮರ ಕಡಿಯೋರ ಚಿತ್ರ ಬಂತು, ಟಾಮ್ ಆಫ್ ಫಿನ್ಲೆಂಡ್ ಅಂತ ಪ್ರಸಿದ್ಧನಾದೋನು, ಜಾಹೀರಾತು ಕಂಪನೀಲೂ ಕೆಲಸ ಮಾಡ್ದೋನು. ಗೇ ಅಂದ್ರೆ ಹೆಣ್ಣಿಗ ಅಂತ ಜನ ಆಡ್ಕೋತಿದ್ರಲ್ಲ, ಅವರ ಮುಖಕ್ಕೆ ಹೊಡೆದ ಹಾಗೆ ಅಗಲ ಭುಜ, ಬೂಟು, ಲೆದರ್ ಜಾಕೆಟ್, ಮೀಸೆ. ಆದ್ರೆ ಅಲ್ಲೂ ಮೀಸೆ ಗಟ್ಟಿಯಾಗಿರುತ್ತೆ, ಎದೆ ಮಾತ್ರ ಎಷ್ಟೋ ಚಿತ್ರದಲ್ಲಿ ಉಜ್ಜಿಟ್ಟ ತಾಮ್ರದ ಚೊಂಬಿನಂಗೆ ಹೊಳೀತಿರುತ್ತೆ. 2014ರಲ್ಲಿ ಫಿನ್ಲೆಂಡ್ ಸರ್ಕಾರದ ಅಂಚೆಯವರೇ ಅವನ ಚಿತ್ರದ ಸ್ಟಾಂಪ್ ತಂದ್ರು. ಅಂಚೆಯೋರು ಹಿಡೀತಾರೆ ಅಂತ ಹೆದರ್ತಿದ್ದ ಕಾಲದ ಚಿತ್ರಕಾರ ಅಂಚೆ ಚೀಟಿ ಮೇಲೇ ಕೂತ ಅಂತ ಶಶಿಗೆ ನಗು.

ಇಲ್ಲೀವರೆಗೆ ಸರಿ ಹೋಯ್ತು, ಆಮೇಲೆ ಒಂದು ತಪ್ಪು ಮಾಡ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಬೇರ್, ಅಂದ್ರೆ ಕರಡಿ ಅಂತಾನೇ ಗೇ ಗಂಡಸ್ರ ಪತ್ರಿಕೆ ಬಂತು, ಕೂದ್ಲಿರೋ ದಪ್ಪ ಗಂಡಸ್ರು ತಮ್ಮನ್ನ ತಾವೇ ಕರಡಿ ಅಂತ ಹೆಮ್ಮೆಯಿಂದ ಕರ್ಕೊಂಡ್ರು, ಏಡ್ಸ್‌ನಿಂದ ಜನ ಸೊರಗಿ ಸಾಯ್ತಿದ್ದ ವರ್ಷಗಳು ಅವು, ತುಂಬಿದ ಮೈ ಆರೋಗ್ಯದ ಗುರುತೂ ಆಗಿತ್ತು. ಜಪಾನಿನ ಕಾಮಿಕ್ಸ್ ಚಿತ್ರಕಾರ ತಗಾಮೆ ಗೆಂಗೊರೊ ಬರೆಯೋ ಗಂಡಸ್ರಂತೂ ಮೈ ತುಂಬಾ ರೋಮದೋರು. ಇದನ್ನೆಲ್ಲಾ ಉತ್ಸಾಹದಿಂದ ತೋರಿಸ್ದೆ. 'ನಮ್ಮ ಹಾಸ್ಟೆಲ್‌ನಲ್ಲಿ ಬೈಗುಳ, ಅಲ್ಲಿ ಬಿರುದಾ' ಅಂತ ಖುಷಿಯಾಗಿ ಹೋದೋನು ಮುಂದಿನ ವಾರ ಸಪ್ಪೆ ಮುಖ ಹಾಕ್ಕೊಂಡು ಬಂದ. 'ಮೇಡಂ, ನಾನು ಸಣ್ಣಕ್ಕಿದೀನಿ, ತೋಳಿಲ್ಲ, ಗಡ್ಡ ಸರಿಯಾಗಿ ಬರಲ್ಲ, ನಾನು ಕರಡಿಯೂ ಅಲ್ಲ' ಅಂದ. ಪ್ರೋಟೀನ್ ಪೌಡರ್ ಡಬ್ಬ ಬೇರೆ ತಂದಿದ್ದ. ಒಂದು ಅಚ್ಚಿಂದ ತೆಗ್ದು ಇನ್ನೊಂದು ಅಚ್ಚಿಗೆ ಹಾಕೋಕೆ ಹೋಗಿದ್ದೆ ನಾನು, ಅವನ ಹತ್ರ ಹಾಗಂತಾನೇ ಒಪ್ಕೊಂಡೆ.

ಕೆಲಸಕ್ಕೆ ಬಂದಿದ್ದು ಭೂಪೇನ್ ಖಖ್ಖರ್. ಬರೋಡಾದಲ್ಲಿ ಅಕೌಂಟೆಂಟ್ ಕೆಲಸ ಮಾಡ್ಕೊಂಡೇ ಚಿತ್ರ ಬರೆದೋರು. 1981ರ ಒಂದು ದೊಡ್ಡ ಚಿತ್ರದಲ್ಲಿ ಬಾಲ್ಕನೀಲಿ ಬೆತ್ತಲೆ ಗಂಡಸೊಬ್ಬ ನಿಂತ್ಕೊಂಡು ಕೆಳಗೆ ನೋಡ್ತಿದಾನೆ, ಕೆಳಗೆ ತಂದೆ, ಮಗ, ಕತ್ತೆ. ನಾವೆಲ್ಲಾ ಚಿಕ್ಕೋರಿದ್ದಾಗ ಕೇಳಿರೋ ಕಥೆನೇ, ಎಲ್ಲರನ್ನೂ ಮೆಚ್ಚಿಸೋಕಾಗಲ್ಲ ಅನ್ನೋದೇ ಚಿತ್ರದ ಹೆಸರು, ಈಗ ಲಂಡನ್ನಿನ ಟೇಟ್ ಆರ್ಟ್ ಮ್ಯೂಸಿಯಂನಲ್ಲಿದೆ. ಅವರ ಗಂಡಸ್ರು ಬೀದೀಲಿ ಸಿಗೋರು, ನೆರೆತ ತಲೆ, ಜೋತ ಹೊಟ್ಟೆ. ಶಶಿ ಸುಮಾರು ಹೊತ್ತು ನೋಡಿ, 'ಇವ್ರು ಯಾರೂ ಪೋಸ್ ಕೊಡ್ತಿಲ್ಲ' ಅಂದ. ಅದು ನನಗೆ ಹೊಳೆದಿರ್ಲಿಲ್ಲ.

ಕೊಟ್ಟ ಸಲಹೆ ಇಷ್ಟು. ಡಾಕ್ಟ್ರು ಹೇಳೋವರೆಗೂ ರೇಜರ್, ಕ್ರೀಮ್, ವ್ಯಾಕ್ಸಿಂಗ್ ಎಲ್ಲಾ ಬಂದ್, ತೀರಾ ಕಿರಿಕಿರಿ ಆದ್ರೆ ಟ್ರಿಮ್ಮರಲ್ಲಿ ಮೇಲ್ಮೇಲೆ. ಲೇಸರ್ ನಿರ್ಧಾರ ಆರು ತಿಂಗಳು ಮುಂದಕ್ಕೆ, ಬೇಡ ಅಂತಲ್ಲ, ಅವಮಾನದ ಬಿಸೀಲಿ ಬೇಡ ಅಂತ. ಕನ್ನಡಿಗೆ ಹತ್ತು ನಿಮಿಷ, ಮೊಬೈಲಲ್ಲಿ ಟೈಮರ್ ಇಟ್ಟು. ಒಂದು ತಿಂಗಳು ಆ್ಯಪ್ ಡಿಲೀಟ್. ಮೈಕೂದ್ಲು ಎಷ್ಟು ಬರುತ್ತೆ ಅನ್ನೋದು ಹಾರ್ಮೋನಿಗೆ ಕೂದ್ಲ ಬುಡ ಎಷ್ಟು ಸ್ಪಂದಿಸುತ್ತೆ ಅನ್ನೋದರ ಮೇಲೆ, ಅದು ಬಹುಪಾಲು ವಂಶದಿಂದ ಬರೋದು, ಗಂಡಸ್ತನ ಅಳೆಯೋ ಸೇರು ಅಲ್ಲ ಅಂತ ಅಜ್ಜಿ ಮಾತಿಗೂ ಉತ್ತರ ಹೇಳ್ದೆ. ಕನ್ನಡಿ ಚಟ ಕಮ್ಮಿ ಆಗದಿದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗ್ಬೇಕು ಅಂತ ಮೊದಲೇ ಮಾತಾಡ್ಕೊಂಡಿದ್ವಿ, ದೇಹದ ಬಗ್ಗೆ ಇಂಥ ಗೀಳಿಗೆ ಔಷಧಿಯೂ ಕೆಲಸ ಮಾಡುತ್ತೆ. ಅವನಿಗೆ ಬೇಕಾಗ್ಲಿಲ್ಲ.

ಮತ್ತೆ ಒಂದು ಹೋಮ್‌ವರ್ಕ್, ದಿನಾ ತನ್ನ ಮುಂಗೈ ಪೆನ್ಸಿಲ್ಲಲ್ಲಿ ಬರೀಬೇಕು, ಒಂದೊಂದೇ ಕೂದ್ಲು, ರಬ್ಬರ್ ಮುಟ್ಟಂಗಿಲ್ಲ. ಮೊದಲ ವಾರ ಬೈಕೊಂಡೇ ಬರೆದ. ಮೂರನೇ ವಾರ ಬಂದು, 'ಮೇಡಂ, ಭತ್ತದ ಗದ್ದೆ ಮೇಲೆ ಗಾಳಿ ಬೀಸಿದಾಗ ಪೈರು ಬಾಗುತ್ತಲ್ಲ, ಥೇಟ್ ಹಂಗೇ ಇದೆ' ಅಂದ.

ನಾಲ್ಕು ತಿಂಗಳಾದ್ಮೇಲೆ ಒಂದು ಚಿತ್ರ ಕಳಿಸಿದಾನೆ. ಅದೇ ಟೆರೇಸ್, ಅದೇ ಇಬ್ರು, ಒಬ್ಬನ ಎದೆ ತುಂಬಾ ಕೂದ್ಲು, ಕಾಲಲ್ಲಿ ಹವಾಯಿ ಚಪ್ಲಿ. ಇನ್ನೊಬ್ಬ ಇನ್ನೂ ನುಣ್ಣಗೇ ಇದಾನೆ. ಇವನ್ಯಾಕಪ್ಪಾ ಹೀಗೇ ಉಳಿದ ಅಂತ ಕೇಳ್ದೆ. 'ಅವನು ನನ್ನ ಟೈಪ್ ಮೇಡಂ, ಅದಕ್ಕೂ ಥೆರಪಿ ಬೇಕಾ' ಅಂತ ರಿಪ್ಲೈ ಬಂತು.